ಕೆನಡಾದ ಕಾದಂಬರಿಗೆ ನಮ್ಮ ವಕಾಲತ್ತು

ಮಗಳಿಗೆ ಇಪ್ಪತ್ತೊಂದು ತುಂಬಲಿದ್ದ ವರ್ಷ ನಮ್ಮ ಮನೆಯಲ್ಲಿ ಯಾರೂ ಹುಟ್ಟುಹಬ್ಬದ ಮಾತೆತ್ತಲಿಲ್ಲ. ಬೇರೆಯವರಿಗೆ ಇಪ್ಪತ್ತೊಂದು ಎಂದರೆ ಸಂಭ್ರಮ, ನಮ್ಮಂಥವರಿಗೆ ಅದು ವಾಯಿದೆ. ಮೂರು ವರ್ಷದ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾನು ಡ್ಯಾಲಸ್‌ನಲ್ಲಿ ಇಳಿದಿದ್ದೆ. ಅವಳಪ್ಪನ ಕೆಲಸದ ವೀಸಾದ ಸೆರಗು ಹಿಡಿದುಕೊಂಡೇ ಅವಳು ಇಲ್ಲಿ ಬೆಳೆದಳು. ಇಪ್ಪತ್ತೊಂದು ತುಂಬಿದ ದಿನ ಮಕ್ಕಳ ಕೈಯಿಂದ ಆ ಸೆರಗು ಜಾರುತ್ತದೆ, ಆಮೇಲೆ ಇಲ್ಲಿರಲು ಅವರಿಗೆ ತಮ್ಮದೇ ವೀಸಾ ಬೇಕು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಮ್ಮ ಸರದಿ ಬರುವ ಹೊತ್ತಿಗೆ ಅವಳಿಗೇ ಮೊಮ್ಮಕ್ಕಳಾಗಿರುತ್ತವೆ ಎಂದು ಲಾಯರ್ ತಮಾಷೆ ಮಾಡಿದ್ದರು. ನನಗೆ ನಗು ಬರಲಿಲ್ಲ. ಅವರ ಮುಖಕ್ಕೆ ಕಾಫಿ ಎರಚಬೇಕೆನಿಸಿತು.

ಅವಳಿಗೆ ಇದ್ದದ್ದು ಎರಡೇ ದಾರಿ. ಆಸ್ಟಿನ್‌ನಲ್ಲಿ ಓದುತ್ತಿದ್ದ ಯೂನಿವರ್ಸಿಟಿಯಲ್ಲೇ ಎಂ.ಎಸ್. ಸೀಟು ಸಿಕ್ಕಿತ್ತು. ಸ್ಟೂಡೆಂಟ್ ವೀಸಾಕ್ಕೆ ಬದಲಾಯಿಸಿಕೊಂಡು, ತಾನು ಬೆಳೆದ ದೇಶದಲ್ಲೇ ಪರದೇಶಿ ವಿದ್ಯಾರ್ಥಿನಿ ಎನಿಸಿಕೊಂಡು ಇನ್ನೆರಡು ವರ್ಷ ತಳ್ಳಬಹುದಿತ್ತು. ಆಮೇಲೆ ಕೆಲಸದ ವೀಸಾಕ್ಕೆ ಲಾಟರಿ, ಮತ್ತೆ ಸಾಲು. ಇಲ್ಲವೇ ಕೆನಡಾ. ಟೊರಾಂಟೊ ಹತ್ತಿರದ ಒಂದು ಯೂನಿವರ್ಸಿಟಿಯೂ ಅವಳನ್ನು ಕರೆದಿತ್ತು. ಏಪ್ರಿಲ್ ಮುಗಿಯುವುದರೊಳಗೆ ಎರಡರಲ್ಲಿ ಒಂದಕ್ಕೆ ಹೂಂ ಅನ್ನಬೇಕಿತ್ತು.

ನನಗೆ ಅವಳು ಇಲ್ಲೇ ಇರಬೇಕಿತ್ತು. ಯಾವ ವೀಸಾದಲ್ಲಾದರೂ ಸರಿ, ಯಾರ ಕಾಲು ಹಿಡಿದಾದರೂ ಸರಿ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನಮ್ಮ ಸಂಸಾರ ಹದಿನೆಂಟು ವರ್ಷ ನಡೆದದ್ದು ಆ ಒಂದು ಗಾದೆಯ ಮೇಲೆ.

ನನ್ನ ಗಂಡ ಮಾತ್ರ ಏನೂ ಹೇಳಲೊಲ್ಲರು. ಅವರ ಕಂಪನಿ ಅವರನ್ನು ಹ್ಯೂಸ್ಟನ್‌ಗೆ ಹಾಕಿತ್ತು. ವಾರವಿಡೀ ಅಲ್ಲಿದ್ದು ಶುಕ್ರವಾರ ಡ್ಯಾಲಸ್ ಪಕ್ಕದ ನಮ್ಮ ಊರು ಇರ್ವಿಂಗ್‌ಗೆ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಬಂದ ಕೂಡಲೇ ನಾನು ಕೇಳುತ್ತಿದ್ದೆ, “ಏನ್ರೀ ಮಾಡೋದು?” ಅವರು ಷೂ ಬಿಚ್ಚುತ್ತಾ “ನೋಡೋಣ” ಎನ್ನುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮಗಳು ಆಸ್ಟಿನ್‌ನಲ್ಲಿ, ಅವರು ಹ್ಯೂಸ್ಟನ್‌ನಲ್ಲಿ, ನಾನು ಇರ್ವಿಂಗಿನಲ್ಲಿ. ಮೂವರೂ ಒಂದೇ ಚಿಂತೆಯನ್ನು ಮೂರು ಊರುಗಳಲ್ಲಿ ಬೇಯಿಸಿಕೊಂಡು ತಿನ್ನುತ್ತಿದ್ದೆವು.

ಆ ಮಾರ್ಚ್‌ನಲ್ಲಿ ಮಗಳು ಫೋನ್ ಮಾಡಿ ಕೆನಡಾದ ಪುಸ್ತಕ ಜಗಳದ ವಿಷಯ ಹೇಳಿದಳು. ಪ್ರತಿ ವರ್ಷ ಅಲ್ಲಿ ಐದು ಕಾದಂಬರಿಗಳನ್ನು ಆರಿಸುತ್ತಾರಂತೆ. ಒಂದೊಂದರ ಪರವಾಗಿ ಒಬ್ಬೊಬ್ಬ ಹೆಸರಾದವರು, ನಟಿಯೋ, ಹಾಡುಗಾರನೋ, ಹಾಕಿ ಆಟಗಾರನೋ, ಒಂದು ಮೇಜಿನ ಸುತ್ತ ಕೂತು ಇಡೀ ದೇಶದ ಎದುರು ವಾದ ಮಾಡುತ್ತಾರಂತೆ. ದಿನಕ್ಕೊಂದು ಪುಸ್ತಕವನ್ನು ವೋಟು ಹಾಕಿ ಹೊರಗೆ ಹಾಕುತ್ತಾರೆ. ಕೊನೆಗೆ ಉಳಿದದ್ದನ್ನು ದೇಶವೆಲ್ಲ ಓದಬೇಕೆಂದು ಸಾರುತ್ತಾರೆ. ಮಗಳು ಐದನ್ನೂ ಆಗಲೇ ಓದಿ ಮುಗಿಸಿದ್ದಳು. ಯಾಕೆಂದು ಕೇಳಿದೆ. ಹೋಗಬೇಕಾದ ಜಾಗ ಹೇಗಿದೆ ಎಂದು ತಿಳಿಯಬೇಡವೇ ಎಂದಳು. ಅವಳು ಮಾತಾಡುವುದು ಇಂಗ್ಲಿಷಿನಲ್ಲೇ. ನಾನು ಅದನ್ನೆಲ್ಲ ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೋಗಬೇಕಾದ ಜಾಗ. ಆಗಲೇ ಹೊರಟೇಬಿಟ್ಟವಳ ಹಾಗೆ ಅಂದಳು. ಹೊರಗೆ ಏನೂ ತೋರಿಸದೆ, ಜೊತೆಯಲ್ಲೇ ನೋಡೋಣ ಎಂದೆ. ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು, ಸ್ಟೀರಿಂಗಿಗೆ ಫೋನು ಒರಗಿಸಿ, ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನಾನು ಆ ಜಗಳ ನೋಡಿದೆ. ಮಗಳು ಅಲ್ಲಿ ತನ್ನ ರೂಮಿನಲ್ಲಿ ನೋಡುತ್ತಿದ್ದಳು. ನಡುನಡುವೆ ಒಬ್ಬರಿಗೊಬ್ಬರು ಮೆಸೇಜು. ಆಳೆತ್ತರದ ಆಟಗಾರನೊಬ್ಬ ಒಂದು ಸಣ್ಣ ಕಾದಂಬರಿಗಾಗಿ ಮೇಜು ಕುಟ್ಟಿ ಮಾತಾಡಿದ. ಅದೇ ಮೊದಲನೆಯ ದಿನ ಹೊರಗೆ ಬಿತ್ತು. ಸೋತವನು ಎದ್ದು ಹೋಗುವಂತಿರಲಿಲ್ಲ. ಅಲ್ಲೇ ಕೂತು, ಉಳಿದವುಗಳಲ್ಲಿ ಯಾವುದನ್ನು ತೆಗೆಯಬೇಕೆಂದು ಮಾರನೆಯ ದಿನವೂ ವೋಟು ಹಾಕಬೇಕಿತ್ತು. ನಾನು ಅಳುತ್ತಿದ್ದೆ. ಪಕ್ಕದ ಕಾರಿನವನು ಏನಾಯಿತೆಂದು ಕೈಸನ್ನೆಯಲ್ಲಿ ಕೇಳಿದ. ಅವನಿಗೆ ಏನೆಂದು ಹೇಳುವುದು!

ಅವತ್ತು ಮಗಳು ಒಂದು ಮಾತು ಹೇಳಿದಳು. “ಅಮ್ಮ, ಸೋತ ಪುಸ್ತಕಕ್ಕೂ ಒಬ್ಬ ಮನುಷ್ಯ ಇದ್ದ, ನೋಡಿದ್ಯಾ? ಎದ್ದು ನಿಂತು, ಇದು ಯಾಕೆ ಉಳಿಯಬೇಕು ಅಂತ ಎಲ್ಲರ ಎದುರಿಗೆ ಹೇಳಿದ.” ಅವಳ ಪರವಾಗಿ ವಾದ ಮಾಡುವುದಕ್ಕೆ ಒಂದು ಕಟಕಟೆ ಇದೆಯೇ ಎಂದು ನಾನೇ ಲಾಯರನ್ನು ಕೇಳಿದ್ದೆ. ಇದರಲ್ಲಿ ಕೇಳುವವರು ಯಾರೂ ಇಲ್ಲ ಮೇಡಂ, ಹುಟ್ಟಿದ ತಾರೀಖು ಮಾತ್ರ ಇರುವುದು ಎಂದಿದ್ದರು.

ನಮ್ಮದೊಂದು ಪುಟ್ಟ ಓದುವ ಕೂಟ ಇತ್ತು. ತಿಂಗಳಿಗೊಮ್ಮೆ ಆಸ್ಟಿನ್‌ನ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ, ಮೈಸೂರಿನ ಕಡೆಯ ಒಬ್ಬ ಗೆಳೆಯರ ಮನೆಯಲ್ಲಿ ಸೇರುತ್ತಿದ್ದೆವು. ಡ್ಯಾಲಸ್‌ನವರಿಗೂ ಹ್ಯೂಸ್ಟನ್‌ನವರಿಗೂ ಅದು ನಡುವಿನ ಜಾಗ. ಹ್ಯೂಸ್ಟನ್‌ನಿಂದ ಧಾರವಾಡದ ಒಬ್ಬ ಆಂಟಿ ಬರುತ್ತಿದ್ದರು. ಸಾಲು ಉದ್ದವಾಗುವ ಮೊದಲೇ ಈ ದೇಶಕ್ಕೆ ಬಂದು, ಪ್ರಜೆಯಾಗಿ, ರಿಟೈರ್ ಕೂಡ ಆದ ಪುಣ್ಯವಂತೆ. ಉಳಿದವರು ಬಂದರೆ ಬಂದರು, ಬಿಟ್ಟರೆ ಬಿಟ್ಟರು. ಈ ಸಲ ನಾವೇ ಆ ಜಗಳ ಆಡೋಣ, ಅದೇ ಐದು ಪುಸ್ತಕ, ನಾವು ಐದು ಜನ ಎಂದು ಮಗಳು ಕೇಳಿಕೊಂಡಳು. ಸದಾ ಕನ್ನಡ ಓದುವ ಕೂಟ ಅವಳಿಗೋಸ್ಕರ ಒಪ್ಪಿತು. ಪಾಪದ ಹುಡುಗಿ, ಹೇಗೂ ಹೋಗುವವಳು ಎಂಬ ಕನಿಕರ ಅದರಲ್ಲಿತ್ತು. ಅದಕ್ಕೇ ನನಗೆ ಮೈ ಉರಿದದ್ದು.

ನಾನು ಒಪ್ಪಿದ್ದರ ಹಿಂದೆ ಒಂದು ಹುನ್ನಾರವಿತ್ತು. ಐದರಲ್ಲಿ ಅತ್ಯಂತ ಘೋರವಾದ ಪುಸ್ತಕವನ್ನು ನಾನು ಆರಿಸಿಕೊಂಡೆ. ಉತ್ತರದ ಒಂದು ಗಣಿಯ ಊರು. ಗಂಡ ಸತ್ತ ಹೆಂಗಸೊಬ್ಬಳು ಹಿಮದಲ್ಲಿ ಬಾಗಿಲು ಹೂತುಹೋಗಿ ಒಬ್ಬಳೇ ಸಾಯುತ್ತಾಳೆ. ಹಿಮ ಕರಗಿದ ಮೇಲೆ ನೆರೆಯವರಿಗೆ ಗೊತ್ತಾಗುತ್ತದೆ. ಅದನ್ನು ಸಭೆಯಲ್ಲಿ ಚೆನ್ನಾಗಿ ಬಣ್ಣಿಸಿದರೆ ಮಗಳು ಹೆದರಿಯಾಳು ಎಂದು ನನ್ನ ಆಸೆ. ಇಪ್ಪತ್ತು ವರ್ಷದ ಹುಡುಗಿಯನ್ನು ಗುಮ್ಮ ತೋರಿಸಿ ಹೆದರಿಸಲು ಹೊರಟಿದ್ದೆ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆಯೇ.

ಮಗಳು ಆರಿಸಿಕೊಂಡದ್ದು ಹಡಗಿನಲ್ಲಿ ಬಂದ ಹುಡುಗಿಯೊಬ್ಬಳ ಕಥೆ. ಅವಳು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ, ಮೆಲ್ಲಗೆ ತನ್ನದೊಂದು ಬದುಕು ಕಟ್ಟಿಕೊಳ್ಳುತ್ತಾಳೆ, ತಾಯಿಗೆ ಮಾತ್ರ ಒಂದು ಕಾಗದವನ್ನೂ ಬರೆಯುವುದಿಲ್ಲ. ಓದಿ ಮುಗಿಸಿ ಆ ಪುಸ್ತಕವನ್ನು ಸೋಫಾದ ಮೇಲೆ ಎಸೆದಿದ್ದೆ. ಆಂಟಿಯದು, ಸರ್ಕಾರದ ಬೋರ್ಡಿಂಗ್ ಶಾಲೆಗೆ ಎಳೆದೊಯ್ದ ಮೊಮ್ಮಗನನ್ನು ಹುಡುಕಿಕೊಂಡು ಹೋಗುವ ಆದಿವಾಸಿ ಅಜ್ಜಿಯ ಕಥೆ. ಫ್ಲೂಗರ್‌ವಿಲ್ ಗೆಳೆಯರದು ಹಾಕಿ ಆಡುವ ಹುಡುಗರ ತಮಾಷೆಯ ಕಾದಂಬರಿ. ಮೀನು ಮುಗಿದುಹೋಗಿ ಊರಿಗೆ ಊರೇ ಖಾಲಿಯಾದ ಒಂದು ದ್ವೀಪದ ಕಥೆ ನನ್ನ ಗಂಡನ ಪಾಲಿಗೆ ಬಂತು. ಜನ್ಮದಲ್ಲಿ ಒಂದು ಕಾದಂಬರಿ ಮುಗಿಸಿದವರಲ್ಲ, ಇದನ್ನು ಹ್ಯೂಸ್ಟನ್ ಹೈವೇಯಲ್ಲಿ ಡ್ರೈವ್ ಮಾಡುತ್ತಾ ಆಡಿಯೋದಲ್ಲಿ ಪೂರ್ತಿ ಕೇಳಿಸಿಕೊಂಡರು. ಹೇಗಿತ್ತು ಎಂದು ಕೇಳಿದರೆ, “ಪರವಾಗಿಲ್ಲ” ಎಂದರು.

ಏಪ್ರಿಲ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಎಲ್ಲರೂ ಸೇರಿದೆವು. ಬಿಸಿಬೇಳೆ ಬಾತು, ಆಂಟಿ ತಂದ ಜೋಳದ ರೊಟ್ಟಿ, ಎಣ್ಣೆಗಾಯಿ ಎಲ್ಲ ಬದಿಗಿದ್ದವು. ಎಲ್ಲರೂ ತಮ್ಮ ತಮ್ಮ ಪುಸ್ತಕದ ಬಗ್ಗೆ ಒಳ್ಳೆಯ ಮಾತಾಡಿದರು. ಮಗಳು ಸೀಮೆಸುಣ್ಣ ಹಿಡಿದ ಮೇಷ್ಟ್ರ ಹಾಗೆ ನಿಂತು, ಈಗ ಮೊದಲನೆಯ ಸುತ್ತು, ಯಾವ ಪುಸ್ತಕ ಹೊರಗೆ ಹೋಗಬೇಕು ಹೇಳಿ ಎಂದಳು.

ಎದುರಿಗೆ ಕೂತವರ ಮುಖ ನೋಡಿಕೊಂಡು ಬೇಡ ಎನ್ನಲು ನಮ್ಮ ಜನಕ್ಕೆ ಬರುವುದಿಲ್ಲ. ಬೆನ್ನ ಹಿಂದೆ ಏನು ಬೇಕಾದರೂ ಅಂದೇವು, ಎದುರಿಗೆ ಮಾತ್ರ ಆಗದು. ನಮ್ಮ ಕನ್ನಡ ಸಂಘದ ಸ್ಪರ್ಧೆಗಳಲ್ಲಿ ಹಾಡು ಮರೆತ ಮಗುವಿಗೂ ಬಹುಮಾನ ಇರುತ್ತದೆ.

ಕೊನೆಗೆ ಆಂಟಿ ಬಾಯಿ ತೆರೆದರು. “ಎಲ್ಲಾ ಛಲೋನ ಅದಾವಲ್ರೀ. ಯಾವುದನ್ನ ಅಂತ ತಗೀಬೇಕು? ನನ್ನ ಪುಸ್ತಕಾನ ತಗದುಬಿಡ್ರಿ. ನಾ ಏನೂ ಬ್ಯಾಸರ ಮಾಡ್ಕೊಳ್ಳೂದಿಲ್ಲ.”

“ಅಯ್ಯೋ, ಎಲ್ಲಾದ್ರೂ ಉಂಟಾ ಆಂಟಿ! ನಿಮ್ಮದನ್ನ ತೆಗೆಯೋದಾ? ನಂದು ತೆಗೀರಿ. ಬರೀ ಹುಡುಗರ ಗಲಾಟೆ ಅದ್ರಲ್ಲಿ” ಎಂದರು ಆ ಮನೆಯ ಗೆಳೆಯರು.

ನನ್ನ ಗಂಡ ಕೈಯೆತ್ತಿ, “ಯಾಕೆ ತೊಂದ್ರೆ, ನಂದೂ ಬೇಡ” ಎಂದರು.

ಹೀಗೆ ಒಂದೇ ಸುತ್ತಿನಲ್ಲಿ ಮೂರು ಪುಸ್ತಕಗಳು ತಾವಾಗಿಯೇ ಎದ್ದು ಹೋದವು. ಎಲ್ಲರೂ ಹಗುರಾಗಿ ನಕ್ಕೆವು. ಊಟಕ್ಕೆ ಏಳೋಣವೇ ಎಂದರು ಯಾರೋ.

ಮಗಳು ನಗಲಿಲ್ಲ. ಅವಳ ಕಿವಿ ಕೆಂಪಾಗಿತ್ತು. “ಅಜ್ಜಿ ಮೊಮ್ಮಗನನ್ನ ಹುಡುಕಿಕೊಂಡು ಹೋಗಿದಾಳೆ, ಅವಳನ್ನ ಬಿಟ್ಟುಕೊಟ್ರಾ ಆಂಟಿ? ಬೇಜಾರಾಗಲ್ವಾ ನಿಮಗೆ?” ಎಂದಳು. ಆಂಟಿ ತಬ್ಬಿಬ್ಬಾದರು. ಅವಳು ನಿಲ್ಲಿಸಲಿಲ್ಲ. ನೀವೆಲ್ಲ ಯಾವಾಗಲೂ ಹೀಗೇ, ಯಾರಾದರೂ ಎದ್ದೇಳಿ ಅನ್ನುವ ಮೊದಲೇ ಎದ್ದುಬಿಡುತ್ತೀರಿ ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಅಮ್ಮ, ನೀನಾದ್ರೂ ಫೈಟ್ ಮಾಡು” ಎಂದಳು.

ಇನ್ನು ಕೇಳಬೇಕೇ! ನಾನು ಎದ್ದು ನಿಂತೆ. ನನ್ನ ಪುಸ್ತಕದ ಹೆಂಗಸಿನ ಬಗ್ಗೆ ಮಾತಾಡಲು ಶುರು ಮಾಡಿದ್ದು ನೆನಪಿದೆ, ನಿಲ್ಲಿಸಿದ್ದು ನೆನಪಿಲ್ಲ. ಹಿಮದಲ್ಲಿ ಬಾಗಿಲು ಬಡಿದದ್ದನ್ನು ಹೇಳಿದೆ. ಒಲೆ ಆರಿದ್ದನ್ನು ಹೇಳಿದೆ. ಈ ಒಂದೇ ಪುಸ್ತಕ ಸತ್ಯ ಹೇಳುತ್ತದೆ, ನಮ್ಮವರಿಲ್ಲದ ಜಾಗದಲ್ಲಿ ಮನುಷ್ಯ ಹೀಗೇ ಸಾಯುವುದು, ಅದಕ್ಕೇ ಇದು ಉಳಿಯಬೇಕು ಎಂದೆ. ಅವಳ ಪುಸ್ತಕದ ಹುಡುಗಿಯನ್ನು ಕಟುಕಿ ಎಂದೆ. ತಾಯಿ ಬದುಕಿದ್ದಾಳೋ ಸತ್ತಿದ್ದಾಳೋ ಎಂದು ಒಂದು ದಿನವೂ ಕೇಳದವಳು ಯಾವ ಸೀಮೆ ನಾಯಕಿ ಎಂದೆ. ನಾನು ಕಿರುಚುತ್ತಿದ್ದೆ. ಗೆಳೆಯರು ಎದ್ದು ಒಂದು ಲೋಟ ನೀರು ತಂದಿಟ್ಟರು.

ಮಗಳು ತಣ್ಣಗೆ ಉತ್ತರ ಕೊಟ್ಟಳು. “ಚಳಿ ಬಗ್ಗೆ ಹೇಳ್ಬೇಡ ಅಮ್ಮ. ಟೆಕ್ಸಸ್ಸಿನಲ್ಲೇ ಹಿಮ ಬಿದ್ದ ಆ ಫೆಬ್ರವರಿಯಲ್ಲಿ ಕರೆಂಟು ಹೋಗಿ, ಇರ್ವಿಂಗಿನಲ್ಲೇ ನಾವು ಮೂರು ಜನ ಕಾರಿನಲ್ಲಿ ಕೂತು ಹೀಟರ್ ಹಾಕ್ಕೊಂಡಿದ್ವಿ. ಅಲ್ಲಿಯ ಮನೆ ಚಳಿಗೋಸ್ಕರ ಕಟ್ಟಿರೋದು. ನಿನ್ನ ಹೆಂಗಸು ಚಳಿಯಿಂದ ಸಾಯಲಿಲ್ಲ. ಬಾ ಅಂತ ತಂಗಿ ಎರಡು ಸಲ ಕರೆದಿದ್ಲು. ನೋಡೋಣ ನೋಡೋಣ ಅಂತ ಅಲ್ಲೇ ಇದ್ದಳು. ಅದಕ್ಕೆ ಸತ್ತಳು. ನೀನು ಸರಿಯಾಗಿ ಓದಿಲ್ಲ.”

ಅವಳು ಹೇಳುತ್ತಿದ್ದದ್ದು ಯಾವುದರ ಬಗ್ಗೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಇರ್ವಿಂಗಿನ ನಮ್ಮವರೆಲ್ಲ ಕೆನಡಾದ ಕಾಯಂ ವಾಸದ ಕಾರ್ಡು, ಪಿ.ಆರ್., ಮಾಡಿಸಿಟ್ಟುಕೊಳ್ಳುತ್ತಿದ್ದರು. ಇಲ್ಲಿ ಕೈಕೊಟ್ಟರೆ ಅದಿರಲಿ ಎಂದು. ನಾವೂ ಮಾಡಿಸಿದೆವು. ಮೂವರೂ ಟೊರಾಂಟೊದಲ್ಲಿ ಇಳಿದು, ಕಾಯಂ ನಿವಾಸಿಗಳೆಂದು ಠಸ್ಸೆ ಒತ್ತಿಸಿಕೊಂಡು, ಜಲಪಾತ ನೋಡಿ, ಪ್ಲಾಸ್ಟಿಕ್ ಕೋಟು ತೊಟ್ಟು ಫೋಟೊ ತೆಗೆಸಿಕೊಂಡು ವಾಪಸು ಟೆಕ್ಸಸ್‌ಗೆ ಬಂದೆವು. ಅಲ್ಲಿ ಹೋಗಿ ಬಾಳಿದರಷ್ಟೇ ಆ ಕಾರ್ಡು ಉಳಿಯುವುದು. ನಾವು ಇಲ್ಲಿಯ ಸಾಲಿಗೆ ಅಂಟಿಕೊಂಡು ಮೀನಮೇಷ ಎಣಿಸುತ್ತಾ ಕೂತೆವು, ಕಾರ್ಡು ಸತ್ತಿತು. ಹೀಗೆ ಒಂದು ದೇಶವನ್ನು ಕೈಯಾರೆ ಕಳೆದುಕೊಂಡ ಮನೆ ನಮ್ಮದೊಂದೇ ಅಲ್ಲ. ಇರ್ವಿಂಗಿನ ದೇವಸ್ಥಾನದಲ್ಲಿ ಊಟಕ್ಕೆ ಕೂತು ವಿಚಾರಿಸಿದರೆ ಪಂಕ್ತಿಗೆ ನಾಲ್ಕು ಸಿಗುತ್ತವೆ. ಅವತ್ತು ಅಲ್ಲೇ ಉಳಿದಿದ್ದರೆ ಅವಳು ಇಷ್ಟು ಹೊತ್ತಿಗೆ ಆ ದೇಶದ ಪ್ರಜೆ. ಈಗ ಅದೇ ದೇಶದ ಬಾಗಿಲಲ್ಲಿ ಒಬ್ಬಳೇ, ಮೊದಲಿನಿಂದ ನಿಲ್ಲಬೇಕಿತ್ತು.

“ನನ್ನ ಪುಸ್ತಕದ ಹುಡುಗಿ ಯಾಕೆ ಕಾಗದ ಬರೆಯಲ್ಲ ಗೊತ್ತಾ?” ಎಂದಳು. “ಬರೆದ್ರೆ ವಾಪಸ್ ಹೋಗಿಬಿಡ್ತೀನಿ ಅಂತ ಹೆದರಿಕೆ ಅವಳಿಗೆ. ಅಷ್ಟೇ.”

ನಾನು ಕೂತೆ.

ಕೊನೆಯ ವೋಟು. ಯಾವ ಪುಸ್ತಕ ಉಳಿಯಬೇಕೆಂದು ಒಬ್ಬೊಬ್ಬರೂ ಹೇಳಬೇಕಿತ್ತು. ನಾನು ನನ್ನದಕ್ಕೆ, ಅವಳು ಅವಳದಕ್ಕೆ. ಆಂಟಿ ನನ್ನ ಬೆನ್ನು ಸವರುತ್ತಾ, “ನಾ ತಾಯಿ ಕಡೆ ನೋಡ್ರಿ. ತಪ್ಪೋ ಸರಿಯೋ, ನಾ ತಾಯಿ ಕಡೆನ” ಎಂದರು. ಗೆಳೆಯರು ನೆಲ ನೋಡುತ್ತಾ, “ಕ್ಷಮಿಸಿ ಅಕ್ಕ, ನಾನು ಅವಳ ಕಡೆ” ಎಂದರು. ಅವರಿಗೂ ಇಬ್ಬರು ಮಕ್ಕಳಿದ್ದರು, ಅದೇ ಸಾಲಿನಲ್ಲಿ. ಉಳಿದವರು ನನ್ನ ಗಂಡ.

ಅವರು ನೋಡೋಣ ಎನ್ನುತ್ತಾರೆ ಎಂದುಕೊಂಡೆ. ಆ ಒಂದು ಮಾತಿಗಾಗಿ ಜೀವಮಾನದಲ್ಲಿ ಮೊದಲ ಸಲ ದೇವರನ್ನು ಬೇಡಿಕೊಂಡೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಸ್ಪಷ್ಟವಾಗಿ ಹೇಳಿದರು. “ಮಗಳ ಪುಸ್ತಕ ಇರ್ಲಿ.”

ಗೆಳೆಯರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಲು ಹೋಗಿ ಕೈ ಇಳಿಸಿದರು. ಗೆದ್ದವಳು ನಗಬೇಕಿತ್ತು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅಪ್ಪನ ಎದುರು ನೆಲದ ಮೇಲೆ ಕೂತು, ಹರಕುಮುರುಕು ಕನ್ನಡದಲ್ಲಿ ಕೇಳಿದಳು. “ಅಪ್ಪ, ನೀನು ಇಷ್ಟು ದಿನ ಆದ್ರೂ, ಒಂದ್ ಸಲಾನೂ, ಇರು ಅಂತ ಹೇಳಿಲ್ಲ. ಯಾಕೆ?”

ಆಗ ನನಗೆ ಗೊತ್ತಾಯಿತು. ಈ ಸಭೆ, ಈ ಐದು ಪುಸ್ತಕ, ಈ ವಾದ, ಎಲ್ಲವನ್ನೂ ಅವಳು ಹೂಡಿದ್ದು ಅಪ್ಪನ ಬಾಯಿಂದ ಒಂದು ಮಾತು ಹೊರಡಿಸಲು. ಅವರು ಬೇಡ ಹೋಗಬೇಡ ಎನ್ನಲಿ, ತನ್ನನ್ನು ಹಿಡಿದುಕೊಳ್ಳಲಿ ಎಂದು ಕಾದಿದ್ದಳು. ನಾನು ಅಷ್ಟು ಹೊತ್ತು ಯಾರ ಜೊತೆಗೆ ಕಾದಾಡಿದೆನೋ!

ಅವರು ಅವಳ ತಲೆಯ ಮೇಲೆ ಕೈಯಿಟ್ಟರು. “ಇರು ಅನ್ನೋಕೆ ನನಗೇನು ಹಕ್ಕಿದೆ ಪುಟ್ಟಾ? ಹದಿನೆಂಟು ವರ್ಷ ಆಯ್ತು, ನನಗೇ ಯಾರೂ ಇರು ಅಂದಿಲ್ಲ. ಸದ್ಯಕ್ಕೆ ಇರು ಅಂದಿದಾರೆ, ಅಷ್ಟೇ. ನನ್ನ ಹತ್ರ ಇಲ್ಲದ್ದನ್ನ ನಿನಗೆ ಹೇಗೆ ಕೊಡ್ಲಿ?”

ಆ ಮನುಷ್ಯ ಇಷ್ಟು ವರ್ಷ ಆ ಮಾತನ್ನು ಬಾಯಲ್ಲಿಟ್ಟುಕೊಂಡು ನೋಡೋಣ ಎನ್ನುತ್ತಿದ್ದರು. ಆಂಟಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ನನಗೆ ತಡೆಯಲಾಗಲಿಲ್ಲ. ಹಕ್ಕಂತೆ ಹಕ್ಕು! ನಾನು ಕೂತಲ್ಲಿಂದಲೇ ಕೂಗಿದೆ, “ಇರು. ನಾನು ಹೇಳ್ತಿದೀನಲ್ಲ, ಇರು. ಹೋಗ್ಬೇಡ.”

ಅವಳು ನನ್ನ ಕಡೆ ನೋಡಿದಳು. ಕೋಪವಿರಲಿಲ್ಲ. “ನೀನು ಹೇಳ್ತೀಯ ಅಂತ ಗೊತ್ತಿತ್ತು ಅಮ್ಮ” ಎಂದಳು. “ಅದಕ್ಕೇ ನಿನ್ನನ್ನ ಕೇಳಲಿಲ್ಲ.”

ಆ ವಾರವೇ ಅವಳು ಕೆನಡಾಕ್ಕೆ ಹೂಂ ಎಂದು ಬರೆದಳು. ಈಗ ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುತ್ತಾರೆಂಬ ಭರವಸೆಯಿಲ್ಲ ಎಂದು ಲಾಯರ್ ಹೇಳಿದ್ದರಿಂದ, ಆಗಸ್ಟ್‌ನಲ್ಲಿ ಅವಳನ್ನು ಬಿಟ್ಟುಬರಲು ನಾವಿಬ್ಬರೂ ಹೋಗಲಿಲ್ಲ. ಏರ್‌ಪೋರ್ಟಿನಲ್ಲಿ ಅವಳು ಒಳಗೆ ನಡೆದ ಮೇಲೂ ನಾವು ಅಲ್ಲೇ ನಿಂತಿದ್ದೆವು. ಹಿಂದಿನವರಿಗೆ ದಾರಿ ಬಿಡಿ ಎಂದು ಅಲ್ಲಿಯ ಸಿಬ್ಬಂದಿಯ ಹೆಂಗಸು ಮೃದುವಾಗಿಯೇ ಹೇಳಿದಳು. ನಾವು ಸಾರಿ ಎಂದು ಹೇಳಿ ಪಕ್ಕಕ್ಕೆ ಸರಿದೆವು.